ಮೂರೂ ಮುಕ್ಕಾಲು ಡಾಲರಿನ ಗಿಟಾರು

ಗಿಟಾರ್ ಕಲಿಯಬೇಕು ಅನ್ನುವವರು ಮೊದಲು ಕೇಳುವುದು ಮೂರು ಪ್ರಶ್ನೆ. ಯಾವುದು ತಗೊಳ್ಳಲಿ? ಎಷ್ಟು ದುಡ್ಡು ಬೇಕು? ನಮ್ಮೂರಲ್ಲಿ ಹೇಳಿಕೊಡೋರು ಯಾರಿದ್ದಾರೆ?

ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಅಮೆರಿಕದ ಒಂದು ಸಣ್ಣ ಊರಿನಲ್ಲಿ ಒಬ್ಬ ಹುಡುಗಿಗೆ ಈ ಪ್ರಶ್ನೆಗಳನ್ನು ಕೇಳಲು ಕೂಡ ಯಾರೂ ಇರಲಿಲ್ಲ. ಆದರೂ ಅವಳು ಕಲಿತಳು. ಅವಳು ಬಾರಿಸುತ್ತಿದ್ದ ರೀತಿಗೆ ಇವತ್ತು ಅವಳದೇ ಹೆಸರಿದೆ. ಅವಳು ಕಟ್ಟಿದ ಹಾಡು ಸಮುದ್ರ ದಾಟಿ ಹೋಯಿತು. ಆದರೆ ಆ ಹಾಡಿನ ಮೇಲೆ ಬೇರೆಯವರ ಹೆಸರು ಬಂದು ಕೂತಿತು. ಅದಕ್ಕೇ ಈ ಕಥೆ ಗಿಟಾರ್ ಕಲಿಯುವವರಿಗೆ ಮಾತ್ರ ಅಲ್ಲ, ಹಾಡು ಬಲ್ಲ ಎಲ್ಲರಿಗೂ ಬೇಕಾದದ್ದು.

ಅವಳ ಹೆಸರು ಎಲಿಜಬೆತ್ ಕಾಟನ್. ಹುಟ್ಟಿದ್ದು 1893ರಲ್ಲಿ, ನಾರ್ತ್ ಕೆರೊಲಿನಾ ರಾಜ್ಯದ ಚಾಪೆಲ್ ಹಿಲ್ ಪಕ್ಕದ ಕಾರ್‌ಬರೋ ಎಂಬಲ್ಲಿ. ದುಡಿದು ತಿನ್ನುವ ಕಪ್ಪು ಜನರ ಕುಟುಂಬ. ಮನೆಯಲ್ಲಿ ಯಾರೂ ಅವಳಿಗೆ ಸರಿಯಾಗಿ ಹೆಸರನ್ನೇ ಇಟ್ಟಿರಲಿಲ್ಲ. ನಮ್ಮಲ್ಲಿ 'ಪಾಪು', 'ಪುಟ್ಟಿ' ಅನ್ನುವ ಹಾಗೆ ಏನೋ ಒಂದು ಕರೆಯುತ್ತಿದ್ದರು. ಶಾಲೆಗೆ ಹೋದ ಮೊದಲ ದಿನ ಟೀಚರ್ ಹೆಸರು ಕೇಳಿದಾಗ ಅವಳೇ 'ಎಲಿಜಬೆತ್' ಅಂದಳಂತೆ.

ಅವಳಿಗೆ ಸಿಕ್ಕ ಮೊದಲ ವಾದ್ಯ ಅಣ್ಣನ ಬ್ಯಾಂಜೊ. ಅಣ್ಣ ಕೆಲಸಕ್ಕೆ ಹೋದಾಗ ಕದ್ದು ಬಾರಿಸುತ್ತಿದ್ದಳು. ಒಂದು ತೊಡಕಿತ್ತು, ಇವಳು ಎಡಚಿ. ಬ್ಯಾಂಜೊ ಬಲಗೈಯವರಿಗಾಗಿ ತಂತಿ ಕಟ್ಟಿದ್ದು. ಅಣ್ಣನ ವಾದ್ಯದ ತಂತಿ ಬಿಚ್ಚಿ ಬದಲಿಸುವಂತಿಲ್ಲ. ಹಾಗಾಗಿ ವಾದ್ಯವನ್ನೇ ತಿರುವಿ ಹಿಡಿದಳು.

ಕೊನೆಗೊಂದು ದಿನ ಅಣ್ಣ ಮನೆ ಬಿಟ್ಟು ಹೋದ, ಬ್ಯಾಂಜೊ ಕೂಡ ಅವನ ಜೊತೆ ಹೋಯಿತು. ಇವಳು ಶಾಲೆ ಬಿಟ್ಟು ಬೇರೆಯವರ ಮನೆಗೆಲಸಕ್ಕೆ ಸೇರಿದಳು. ಸಂಬಳ ತಿಂಗಳಿಗೆ ಹೆಚ್ಚೆಂದರೆ ಒಂದು ಡಾಲರ್. ಅದನ್ನೇ ಕೂಡಿಟ್ಟು 3 ಡಾಲರ್ 75 ಸೆಂಟಿಗೆ ಒಂದು ಗಿಟಾರ್ ಕೊಂಡಳು. ಅಂದರೆ ಸುಮಾರು ನಾಲ್ಕು ತಿಂಗಳ ಪೂರ್ತಿ ಸಂಬಳ ಒಂದು ವಾದ್ಯಕ್ಕೆ ಹೋಯಿತು. ಅದು ಸಿಯರ್ಸ್ ರೋಬಕ್ ಕಂಪನಿಯ ಗಿಟಾರ್. ಆ ಕಂಪನಿ ದಪ್ಪನೆಯ ಕ್ಯಾಟಲಾಗ್ ಪುಸ್ತಕ ಅಚ್ಚು ಮಾಡಿ ಹಳ್ಳಿಹಳ್ಳಿಗೆ ಕಳಿಸಿ, ನೇಗಿಲಿನಿಂದ ಹಿಡಿದು ಬಟ್ಟೆಯವರೆಗೆ ಎಲ್ಲವನ್ನೂ ಮಾರುತ್ತಿತ್ತು. ಬಡವರ ಕೈಗೆ ಗಿಟಾರ್ ಎಟುಕಿದ್ದರಲ್ಲಿ ಇಂಥ ಅಗ್ಗದ ಮಾಲಿನ ಪಾಲು ದೊಡ್ಡದು.

ಈಗ ಸ್ವಲ್ಪ ಗಿಟಾರಿನ ವಿಷಯ. ಗಿಟಾರಿಗೆ ಆರು ತಂತಿ. ಸಾಮಾನ್ಯವಾಗಿ ಎಡಗೈ ಬೆರಳು ತಂತಿ ಒತ್ತುತ್ತವೆ, ಬಲಗೈ ಮೀಟುತ್ತದೆ. ದಪ್ಪ ತಂತಿ ಮೇಲುಗಡೆ, ಸಣ್ಣ ತಂತಿ ಕೆಳಗಡೆ ಇರುತ್ತದೆ. ಹೆಬ್ಬೆರಳು ದಪ್ಪ ತಂತಿ ಮೀಟಿ ತಾಳ ಹಿಡಿಯುತ್ತದೆ, ಉಳಿದ ಬೆರಳು ಸಣ್ಣ ತಂತಿಯ ಮೇಲೆ ಹಾಡಿನ ರಾಗ ನುಡಿಸುತ್ತವೆ.

ಎಲಿಜಬೆತ್ ಗಿಟಾರನ್ನೂ ಬ್ಯಾಂಜೊದಂತೆಯೇ ತಿರುವಿ ಹಿಡಿದಳು. ಆಗ ಎಲ್ಲವೂ ಅದಲು ಬದಲು. ಸಣ್ಣ ತಂತಿ ಮೇಲೆ ಬಂತು, ದಪ್ಪದ್ದು ಕೆಳಗೆ ಹೋಯಿತು. ತೋರುಬೆರಳು ತಾಳ ಹಿಡಿಯಿತು, ಹೆಬ್ಬೆರಳು ರಾಗ ನುಡಿಸಿತು. ಪುಸ್ತಕದಲ್ಲಿ ಬರೆದ ಯಾವ ಕಾರ್ಡೂ ಅವಳಿಗೆ ನೇರವಾಗಿ ಕೂರುವುದಿಲ್ಲ. ಪ್ರತಿಯೊಂದು ಬೆರಳಿನ ಜಾಗವನ್ನೂ ಕಿವಿಯಿಂದಲೇ ಹುಡುಕಿಕೊಳ್ಳಬೇಕು. ಅವಳು ಹುಡುಕಿಕೊಂಡಳು. ಹೆಬ್ಬೆರಳಿಗೆ ಬಲ ಹೆಚ್ಚು, ಹಾಗಾಗಿ ಅವಳ ರಾಗ ಗಟ್ಟಿಯಾಗಿ, ಸ್ಪಷ್ಟವಾಗಿ ಕೇಳುತ್ತಿತ್ತು. ಇದನ್ನೇ ಈಗ 'ಕಾಟನ್ ಪಿಕಿಂಗ್' ಅನ್ನುತ್ತಾರೆ. ಸರಿಗೈ ಇರುವವರು ಕೂಡ ಆ ನಾದ ತರಲು ಕಷ್ಟಪಟ್ಟು ಕಲಿಯುತ್ತಾರೆ.

ಮನೆಯ ಹತ್ತಿರವೇ ರೈಲು ಹಳಿ ಇತ್ತು. ಓಡಾಡುವ ಗೂಡ್ಸ್ ರೈಲಿನ ಸದ್ದು ಕೇಳುತ್ತಾ ಹನ್ನೊಂದು, ಹನ್ನೆರಡರ ವಯಸ್ಸಿನಲ್ಲೇ ಒಂದು ಹಾಡು ಕಟ್ಟಿದಳು. ಅದೇ 'ಫ್ರೈಟ್ ಟ್ರೇನ್', ಅಂದರೆ ಗೂಡ್ಸ್ ಗಾಡಿ. ನಾಲ್ಕೈದು ಕಾರ್ಡಿನಲ್ಲಿ ಮುಗಿಯುವ ಹಾಡು. ಬೆರಳಿನಿಂದ ಮೀಟಿ ನುಡಿಸುವುದನ್ನು ಕಲಿಯುವವರಿಗೆ ಇವತ್ತಿಗೂ ಮೊದಮೊದಲು ಕೊಡುವ ಪಾಠಗಳಲ್ಲಿ ಇದೂ ಒಂದು.

ಮುಂದೆ ಚಿಕ್ಕ ವಯಸ್ಸಿಗೇ ಮದುವೆ, ಒಬ್ಬಳು ಮಗಳು. ಚರ್ಚಿನ ಹಿರಿಯರು 'ಇದು ಲೌಕಿಕದ ಹಾಡು, ದೇವರಿಗೆ ಒಪ್ಪುವುದಿಲ್ಲ' ಅಂದರು. ಸಂಸಾರ, ಮನೆಗೆಲಸ, ಚರ್ಚು ಇವುಗಳ ನಡುವೆ ಗಿಟಾರ್ ಮೂಲೆ ಸೇರಿತು. ಹೀಗೆ ದಶಕಗಳು ಕಳೆದವು.

1940ರ ದಶಕದಲ್ಲಿ ಅವರು ವಾಷಿಂಗ್ಟನ್ ನಗರದ ಒಂದು ದೊಡ್ಡ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಅಮ್ಮನಿಂದ ತಪ್ಪಿಸಿಕೊಂಡಿದ್ದ ಒಂದು ಹುಡುಗಿಯನ್ನು ಹುಡುಕಿ ಅಮ್ಮನಿಗೆ ಒಪ್ಪಿಸಿದರು. ಆ ಹುಡುಗಿ ಪೆಗ್ಗಿ ಸೀಗರ್, ಅಮ್ಮ ಸಂಗೀತ ಸಂಯೋಜಕಿ ರೂತ್ ಕ್ರಾಫರ್ಡ್ ಸೀಗರ್. ಈ ಪರಿಚಯದಿಂದ ಎಲಿಜಬೆತ್ ಸೀಗರ್ ಕುಟುಂಬದ ಮನೆಗೆಲಸಕ್ಕೆ ಸೇರಿದರು. ಅದು ಜನಪದ ಹಾಡುಗಳನ್ನು ಹುಡುಕಿ ಸಂಗ್ರಹಿಸುತ್ತಿದ್ದ ಮನೆ. ಗೋಡೆಗೆ ಗಿಟಾರ್ ತೂಗುಹಾಕಿತ್ತು. ಅಡುಗೆ, ಇಸ್ತ್ರಿ ಮಾಡುವ ಹೆಂಗಸು ಒಂದು ದಿನ ಅದನ್ನು ತೆಗೆದು ತಿರುವಿ ಹಿಡಿದು ನುಡಿಸುವುದನ್ನು ಮಕ್ಕಳು ಕಂಡರು. ಜನಪದ ಸಂಗೀತವನ್ನು ಊರೂರಲ್ಲಿ ಹುಡುಕುತ್ತಿದ್ದ ಮನೆಯವರಿಗೆ, ಅದು ತಮ್ಮ ಅಡುಗೆಮನೆಯಲ್ಲೇ ಇತ್ತು ಅನ್ನುವುದು ಆಮೇಲೆ ಗೊತ್ತಾಯಿತು. ಆ ಮನೆಯ ಸಣ್ಣ ಮಗುವೊಂದರ ಬಾಯಲ್ಲಿ ಎಲಿಜಬೆತ್ 'ಲಿಬ್ಬಾ' ಆದರು. ಆ ಹೆಸರೇ ಉಳಿಯಿತು.

ಪೆಗ್ಗಿಯ ಅಣ್ಣ ಮೈಕ್ ಸೀಗರ್, ಲಿಬ್ಬಾ ಅವರ ಮನೆಗೇ ಟೇಪ್ ರೆಕಾರ್ಡರ್ ತೆಗೆದುಕೊಂಡು ಹೋಗಿ ಹಾಡು ಮುದ್ರಿಸಿದರು. 1958ರಲ್ಲಿ ಮೊದಲ ಆಲ್ಬಮ್ ಬಂತು. ಲಿಬ್ಬಾಗೆ ಆಗ 65 ವರ್ಷ.

ಅಷ್ಟರಲ್ಲಿ ಹಾಡು ಅವರಿಗಿಂತ ಮುಂದೆ ಹೋಗಿತ್ತು. ಇಂಗ್ಲೆಂಡಿಗೆ ಹೋದ ಪೆಗ್ಗಿ ಅಲ್ಲಿ 'ಫ್ರೈಟ್ ಟ್ರೇನ್' ಹಾಡಿದರು. ಕೇಳಿದ ಇಬ್ಬರು ಅದನ್ನು ತಮ್ಮದೆಂದು ಹಕ್ಕು ಬರೆಸಿಕೊಂಡರು. 1957ರಲ್ಲಿ ಚಾಸ್ ಮೆಕ್‌ಡೆವಿಟ್ ತಂಡ, ಗಾಯಕಿ ನ್ಯಾನ್ಸಿ ವಿಸ್ಕಿ ಜೊತೆ ಹಾಡಿದ ರೆಕಾರ್ಡ್ ಬ್ರಿಟನ್ನಿನಲ್ಲಿ ಭಾರಿ ಜನಪ್ರಿಯವಾಯಿತು. ಹಾಡು ಕಟ್ಟಿದವರು ಮಾತ್ರ ಇನ್ನೂ ವಾಷಿಂಗ್ಟನ್ನಿನಲ್ಲಿ ಬೇರೆಯವರ ಮನೆಯ ಕೆಲಸ ಮಾಡುತ್ತಿದ್ದರು.

ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ 'ಸ್ಕಿಫಲ್' ಎಂಬ ಸಂಗೀತದ ಹುಚ್ಚು ಹರಡಿತ್ತು. ಒಂದು ಅಗ್ಗದ ಗಿಟಾರ್, ಬಟ್ಟೆ ಒಗೆಯುವ ಹಲಗೆ, ಚಹಾ ಪೆಟ್ಟಿಗೆಗೆ ಕೋಲು, ದಾರ ಕಟ್ಟಿ ಮಾಡಿದ ಬೇಸ್. ಇಷ್ಟಿದ್ದರೆ ತಂಡ ರೆಡಿ. ಲಿವರ್‌ಪೂಲ್‌ನ ಜಾನ್ ಲೆನನ್ ಕೂಡ ಇಂಥದ್ದೇ ಒಂದು ತಂಡ ಕಟ್ಟಿದ, ಹೆಸರು 'ಕ್ವಾರಿಮೆನ್'. ಅವರು ಹಾಡುತ್ತಿದ್ದ ಹಾಡುಗಳಲ್ಲಿ 'ಫ್ರೈಟ್ ಟ್ರೇನ್' ಕೂಡ ಇತ್ತು. ಲೆನನ್‌ಗೆ ಮೊದಲ ಪಾಠ ಹೇಳಿದ್ದು ಅಮ್ಮ. ಆಕೆಗೆ ಬರುತ್ತಿದ್ದದ್ದು ಬ್ಯಾಂಜೊ, ಹಾಗಾಗಿ ಮಗ ಗಿಟಾರಿನ ಮೇಲೆ ಬ್ಯಾಂಜೊ ಕಾರ್ಡು ಕಲಿತ. 1957ರ ಜುಲೈಯಲ್ಲಿ ಒಂದು ಚರ್ಚ್ ಹಬ್ಬದಲ್ಲಿ ಅವನಿಗೆ ಪಾಲ್ ಮೆಕಾರ್ಟ್ನಿ ಸಿಕ್ಕ. ಪಾಲ್ ಎಡಚ. ಅವನು ಗಿಟಾರನ್ನು ತಿರುವಿ ಹಿಡಿದು, ತಂತಿಗಳನ್ನೂ ಬಿಚ್ಚಿ ತಿರುವಿ ಕಟ್ಟಿಕೊಂಡ. ಒಂದು ಕಾರ್ಡ್ ಗೊತ್ತಿಲ್ಲದೆ, ಅದು ಬಲ್ಲವನೊಬ್ಬನಿದ್ದಾನೆ ಎಂದು ಕೇಳಿ ಬಸ್ಸು ಹತ್ತಿ ಊರಿನ ಆ ತುದಿಗೆ ಹೋಗಿ ಕಲಿತು ಬಂದದ್ದನ್ನು ಪಾಲ್ ಹಲವು ಸಲ ಹೇಳಿದ್ದಾರೆ. ಈ ಹುಡುಗರೇ ಮುಂದೆ 'ಬೀಟಲ್ಸ್' ಆದರು.

ನೋಡಿ ಕಲಿ, ಮಾಡಿ ತಿಳಿ ಅಂತ ನಮ್ಮಲ್ಲಿ ಹೇಳುವುದು ಇದನ್ನೇ. ಮೊದಲ ವಾರಗಳಲ್ಲಿ ಉಕ್ಕಿನ ತಂತಿ ಒತ್ತಿ ಬೆರಳ ತುದಿ ಉರಿಯುತ್ತದೆ, ಆಮೇಲೆ ಚರ್ಮ ಗಟ್ಟಿಯಾಗುತ್ತದೆ. ಇದು ಲಿಬ್ಬಾಗೂ ಲೆನನ್‌ಗೂ ನಿಮಗೂ ಒಂದೇ.

ಆದರೆ ಕಲಿಯುವುದು ಬೇರೆ, ಕಲಿತದ್ದರ ಫಲ ಸಿಗುವುದು ಬೇರೆ. ಸೀಗರ್ ಕುಟುಂಬ ಬೆಂಬಲಕ್ಕೆ ನಿಂತಿದ್ದರಿಂದ ಕೊನೆಗೆ ಹಾಡಿನ ಹಕ್ಕಿನಲ್ಲಿ ಲಿಬ್ಬಾಗೆ ಪಾಲು ಸಿಕ್ಕಿತು. ಅರವತ್ತು ದಾಟಿದ ಮೇಲೆ ವೇದಿಕೆ ಹತ್ತಿದ ಅವರು ಹಾಡಿನಿಂದ ದುಡಿದ ದುಡ್ಡಿನಲ್ಲೇ ಸಿರಾಕ್ಯೂಸ್ ನಗರದಲ್ಲಿ ಸ್ವಂತ ಮನೆ ಮಾಡಿಕೊಂಡರು. ತೊಂಬತ್ತು ದಾಟಿದ ಮೇಲೆ ಗ್ರ್ಯಾಮಿ ಪ್ರಶಸ್ತಿ ಬಂತು. 1987ರಲ್ಲಿ ತೀರಿಕೊಂಡರು. 2022ರಲ್ಲಿ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರ ಹೆಸರನ್ನು ಸೇರಿಸಿಕೊಂಡಿತು.

ಅವರ ಮನೆಗೆ ಒಬ್ಬರು ಟೇಪ್ ರೆಕಾರ್ಡರ್ ತರದೇ ಹೋಗಿದ್ದರೆ? ಹಾಡು ಉಳಿಯುತ್ತಿತ್ತು, ಹೆಸರು ಉಳಿಯುತ್ತಿರಲಿಲ್ಲ. ನಮ್ಮೂರುಗಳಲ್ಲೂ ಸೋಬಾನೆ, ಬೀಸುವ ಪದ, ತತ್ವಪದ ಹೇಳುವ ಹಿರಿಯರಿದ್ದಾರೆ. ಅವರ ಹಾಡನ್ನು ನಾವು ಫೋನಿನಲ್ಲಿ ಹಿಡಿದು ಗ್ರೂಪಿಗೆ ಹಾಕುತ್ತೇವೆ. ಅದು ಹತ್ತು ಕೈ ದಾಟುವಷ್ಟರಲ್ಲಿ ಯಾರದೆಂದು ಯಾರಿಗೂ ಗೊತ್ತಿರುವುದಿಲ್ಲ. ಇನ್ನು ಮುಂದೆ ರೆಕಾರ್ಡ್ ಮಾಡುವಾಗ ಮೊದಲು ಅವರನ್ನು ಕೇಳಿ. ಅವರು ಒಪ್ಪಿದರೆ ಅವರ ಬಾಯಿಂದಲೇ ಹೆಸರು, ಊರು, ಹಾಡು ಕಲಿತದ್ದು ಯಾರಿಂದ ಎಂಬುದನ್ನು ಹೇಳಿಸಿ, ಆಮೇಲೆ ಹಾಡಿಸಿ. ಅರ್ಧ ನಿಮಿಷದ ಕೆಲಸ.