ಕೋಶಕೇಂದ್ರದ ಬಾಗಿಲಲ್ಲಿ ಗುರುತು ಕೇಳುವವರು ಯಾರು?

ಹೈಸ್ಕೂಲಿನಲ್ಲಿ ಜೀವಕೋಶದ ಚಿತ್ರ ಬಿಡಿಸುವಾಗ ನಾವು ಕೋಶಕೇಂದ್ರದ ಸುತ್ತ ಎರಡು ಗೆರೆ ಎಳೆದು, ಅಲ್ಲಲ್ಲಿ ಸ್ವಲ್ಪ ಜಾಗ ಬಿಟ್ಟು, ‘ರಂಧ್ರಗಳು’ ಎಂದು ಬರೆಸುತ್ತೇವೆ. ಪರೀಕ್ಷೆಯ ಅಂಕಕ್ಕೆ ಅಷ್ಟು ಸಾಕು. ಆದರೆ ಆ ಬಿಟ್ಟ ಜಾಗದಲ್ಲಿ ಏನು ನಡೆಯುತ್ತದೆ ಎಂದು ತಿಳಿಯಲು ವಿಜ್ಞಾನಿಗಳಿಗೆ ಹತ್ತಿರ ಹತ್ತಿರ ಅರ್ಧ ಶತಮಾನ ಹಿಡಿಯಿತು.

ಸಮಸ್ಯೆ ಸರಳವಾಗಿದೆ. ಕೋಶಕೇಂದ್ರಕ್ಕೆ ಬೇಕಾದ ಪ್ರೋಟೀನುಗಳು ತಯಾರಾಗುವುದು ಹೊರಗೆ, ಕೋಶದ್ರವ್ಯದಲ್ಲಿರುವ ರೈಬೋಸೋಮುಗಳಲ್ಲಿ. ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನು, ಡಿಎನ್‌ಎಯ ಪ್ರತಿ ತೆಗೆಯುವ ಕಿಣ್ವ, ಎಲ್ಲವೂ ಹೊರಗಿನಿಂದಲೇ ಬರಬೇಕು. ಹೊರಗೇ ಕೆಲಸವಿರುವ ಪ್ರೋಟೀನುಗಳು ಮಾತ್ರ ಒಳಗೆ ಸೇರಿಕೊಳ್ಳಬಾರದು. ಇವುಗಳನ್ನು ಬೇರ್ಪಡಿಸುವುದು ಹೇಗೆ?

ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡದ ಕೋಶಗಳನ್ನು ನೋಡಿ ಕೋಶಕೇಂದ್ರಕ್ಕೆ ಹೆಸರಿಟ್ಟದ್ದು 1831ರಲ್ಲಿ. ಅದರ ಪೊರೆಯಲ್ಲಿ ರಂಧ್ರಗಳು ಕಂಡದ್ದು ಮಾತ್ರ 1950ರಲ್ಲಿ. ಆ ವರ್ಷ ಕ್ಯಾಲನ್ ಮತ್ತು ಟಾಮ್ಲಿನ್ ಉಭಯಚರಗಳ ಅಂಡಕೋಶದಿಂದ ಪೊರೆಯನ್ನು ಬಿಡಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. 1960ರ ದಶಕದ ಆರಂಭದಲ್ಲಿ ಕಾರ್ಲ್ ಫೆಲ್ಡ್‌ಹರ್ ಅಮೀಬಾದೊಳಗೆ ಚಿನ್ನದ ಅತಿಸೂಕ್ಷ್ಮ ಕಣಗಳನ್ನು ಚುಚ್ಚಿದರು. ಕಣಗಳು ರಂಧ್ರದ ನಡುವಿನಿಂದಲೇ ಒಳಗೆ ಹೋದವು. ಅಂದರೆ ಬಾಗಿಲು ಇದೆ ಎಂದಾಯಿತು. ಬಾಗಿಲು ಆಯ್ಕೆ ಮಾಡುತ್ತದೆಯೇ?

ಈ ಪ್ರಶ್ನೆಗೆ ದಾರಿ ತೋರಿಸಿದವರಲ್ಲಿ ಒಬ್ಬರು ಜಾನ್ ಗರ್ಡನ್. ಶಾಲೆಯಲ್ಲಿ ಜೀವಶಾಸ್ತ್ರದಲ್ಲಿ ಎಲ್ಲರಿಗಿಂತ ಹಿಂದೆ ಇದ್ದ ಹುಡುಗ. ಇವನು ವಿಜ್ಞಾನಿಯಾಗುವ ಆಸೆಯೇ ಹಾಸ್ಯಾಸ್ಪದ ಎಂದು 1949ರಲ್ಲಿ ಅವರ ಶಿಕ್ಷಕರು ವರದಿ ಬರೆದಿದ್ದರು. ಗರ್ಡನ್ ಆ ಕಾಗದಕ್ಕೆ ಕಟ್ಟು ಹಾಕಿಸಿ ಇಟ್ಟುಕೊಂಡಿದ್ದರು. ಮುಂದೆ ಕಪ್ಪೆಗಳ ಮೇಲಿನ ಬೇರೊಂದು ಸಂಶೋಧನೆಗಾಗಿ 2012ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ಗರ್ಡನ್ 1970ರಲ್ಲಿ ವಿಕಿರಣಶೀಲ ಗುರುತು ಹಚ್ಚಿದ ಹಿಸ್ಟೋನನ್ನು ಕಪ್ಪೆಯ ಅಂಡಕೋಶದ ಕೋಶದ್ರವ್ಯಕ್ಕೆ ಚುಚ್ಚಿದರು. ಅದು ಹೋಗಿ ಕೋಶಕೇಂದ್ರದಲ್ಲೇ ಸೇರಿಕೊಂಡಿತು.

ಇಲ್ಲಿ ಎರಡು ಅರ್ಥ ಸಾಧ್ಯ. ಗಡಿನಾಡಿನ ನಮಗೆ ಚೆಕ್‌ಪೋಸ್ಟು ಹೊಸದಲ್ಲ, ಅದರಿಂದಲೇ ಹೇಳುವುದಾದರೆ: ಎಲ್ಲರನ್ನೂ ಒಳಗೆ ಬಿಟ್ಟು, ಒಳಗೆ ಕೆಲಸವಿರುವವರು ಅಲ್ಲೇ ಉಳಿಯುತ್ತಾರೋ? ಅಥವಾ ಗೇಟಿನಲ್ಲೇ ಗುರುತು ನೋಡಿ ಬಿಡುತ್ತಾರೋ? ಹಿಸ್ಟೋನು ಡಿಎನ್‌ಎಗೆ ಅಂಟುವ ವಸ್ತು. ಒಳಗೆ ಹೋಗಿ ಅಂಟಿಕೊಂಡಿರಲೂಬಹುದಲ್ಲ!

ಇದನ್ನು ತೀರ್ಮಾನಿಸಿದ ಪ್ರಯೋಗ 1982ರದ್ದು. ಗರ್ಡನ್‌ರ ಶಿಷ್ಯ ರಾನ್ ಲಾಸ್ಕಿ, ಕಾಲಿನ್ ಡಿಂಗ್‌ವಾಲ್ ಮತ್ತು ಜೊತೆಗಾರರು ಕಪ್ಪೆಯ ನ್ಯೂಕ್ಲಿಯೋಪ್ಲಾಸ್ಮಿನ್ ಎಂಬ ಪ್ರೋಟೀನನ್ನು ಆರಿಸಿಕೊಂಡರು. ಇದಕ್ಕೆ ಒಂದು ಗಟ್ಟಿ ನಡುಭಾಗ, ಐದು ಬಾಲ. ಕಿಣ್ವದಿಂದ ಬಾಲಗಳನ್ನು ಕತ್ತರಿಸಿದಾಗ ನಡುಭಾಗ ಹೊರಗೇ ಉಳಿಯಿತು. ಬಾಲ ಮಾತ್ರ ಒಳಗೆ ಹೋಯಿತು. ಒಂದೇ ಬಾಲ ಉಳಿಸಿದರೂ ಇಡೀ ಪ್ರೋಟೀನು ಒಳಗೆ ಸೇರಿತು. ಬಾಲವಿಲ್ಲದ ನಡುಭಾಗವನ್ನು ಸೂಜಿಯಿಂದ ನೇರ ಕೋಶಕೇಂದ್ರಕ್ಕೇ ಚುಚ್ಚಿದಾಗ ಅದು ಅಲ್ಲಿಯೇ ಉಳಿಯಿತು. ಅಂದರೆ ಒಳಗೆ ಉಳಿಯಲು ಬಾಲ ಬೇಕಿಲ್ಲ, ಒಳಗೆ ಬರಲು ಬೇಕು. ಗುರುತು ನೋಡುವುದು ಗೇಟಿನಲ್ಲಿ!

ಆ ಗುರುತು ಎಷ್ಟು ಉದ್ದ? 1984ರಲ್ಲಿ ಡೇನಿಯಲ್ ಕಾಲ್ಡೆರಾನ್, ಅಲನ್ ಸ್ಮಿತ್ ಮತ್ತು ಸಂಗಡಿಗರು ಎಸ್‌ವಿ40 ಎಂಬ ವೈರಸ್ಸಿನ ಒಂದು ಪ್ರೋಟೀನಿನಲ್ಲಿ ಉತ್ತರ ಕಂಡರು. 700ಕ್ಕೂ ಹೆಚ್ಚು ಅಮೈನೋ ಆಮ್ಲಗಳ ಆ ಸರಪಳಿಯಲ್ಲಿ 128ನೆಯದಾದ ಲೈಸೀನ್ ಒಂದನ್ನು ಬದಲಿಸಿದರೆ ಸಾಕು, ಪ್ರೋಟೀನು ಹೊರಗೇ ನಿಲ್ಲುತ್ತಿತ್ತು. ಅದರ ಸುತ್ತಲಿನ ಏಳು ಅಮೈನೋ ಆಮ್ಲಗಳೇ ಗುರುತು. ಆ ಏಳನ್ನು ಯಾವಾಗಲೂ ಹೊರಗೇ ಇರುವ ಪೈರುವೇಟ್ ಕೈನೇಸ್ ಕಿಣ್ವಕ್ಕೆ ಜೋಡಿಸಿದಾಗ ಅದೂ ಕೋಶಕೇಂದ್ರಕ್ಕೆ ನಡೆಯಿತು.

ಗುರುತು ಓದುವವರು ಯಾರು ಎಂಬುದು ಮುಂದಿನ ಪ್ರಶ್ನೆ. 1990ರಲ್ಲಿ ಲ್ಯಾರಿ ಗೆರೇಸ್‌ರ ತಂಡ ಕೋಶದ ಹೊರಪೊರೆಗೆ ಮಾತ್ರ ತೂತು ಮಾಡಿ ಕೋಶದ್ರವ್ಯವನ್ನು ತೊಳೆದು ತೆಗೆಯಿತು. ಸಾಗಾಟ ನಿಂತಿತು. ಮತ್ತೆ ಕೋಶದ್ರವ್ಯ ಸೇರಿಸಿದಾಗ ಶುರುವಾಯಿತು. ಹಾಗಾದರೆ ಹೊತ್ತೊಯ್ಯುವವರು ಆ ದ್ರವದಲ್ಲೇ ಇದ್ದಾರೆ. 1993ರಲ್ಲಿ ‘ರಾನ್’ ಎಂಬ ಚಿಕ್ಕ ಪ್ರೋಟೀನು, 1994-95ರಲ್ಲಿ ಡಿರ್ಕ್ ಗೊರ್ಲಿಚ್‌ರ ಕೆಲಸದಿಂದ ಇಂಪೋರ್ಟಿನ್ ಆಲ್ಫಾ ಮತ್ತು ಬೀಟಾ ಸಿಕ್ಕಿದವು. ಆಲ್ಫಾ ಗುರುತನ್ನು ಹಿಡಿಯುತ್ತದೆ, ಬೀಟಾ ರಂಧ್ರ ದಾಟಿಸುತ್ತದೆ. ಒಳಗೆ ಜಿಟಿಪಿ ಹೊತ್ತ ರಾನ್ ಬಂದು ಬೀಟಾಕ್ಕೆ ಅಂಟಿದ ಕೂಡಲೇ ಸರಕು ಬಿಡುಗಡೆ. ಅಂಥ ರಾನ್ ಕೋಶಕೇಂದ್ರದ ಒಳಗೆ ಹೇರಳ, ಹೊರಗೆ ಅಪರೂಪ. ಆದ್ದರಿಂದ ಸರಕು ದಾರಿಯಲ್ಲಿ ಇಳಿಯುವುದಿಲ್ಲ. ಪ್ರೋಟೀನಿನ ವಿಳಾಸ ಪ್ರೋಟೀನಿನಲ್ಲೇ ಬರೆದಿದೆ ಎಂಬ ವಿಚಾರವನ್ನು 1970ರ ದಶಕದಿಂದಲೇ ಬೆಳೆಸಿದ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಬಂತು.

ಇದು ಪ್ರಯೋಗಶಾಲೆಯವರ ಕುತೂಹಲ ಮಾತ್ರವಲ್ಲ. ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುವ ಎಎಲ್‌ಎಸ್ ಎಂಬ ಕಾಯಿಲೆ ಇದೆ. ಕೆಲವು ಕುಟುಂಬಗಳಲ್ಲಿ ಇದಕ್ಕೆ ಕಾರಣ ಎಫ್‌ಯುಎಸ್ ಎಂಬ ಪ್ರೋಟೀನಿನ ದೋಷವೆಂದು 2009ರಲ್ಲಿ ತಿಳಿಯಿತು. ಆ ದೋಷಗಳಲ್ಲಿ ಹಲವು ಇರುವುದು ಕೋಶಕೇಂದ್ರದ ಗುರುತಿನಲ್ಲೇ. ಒಂದು ಅಮೈನೋ ಆಮ್ಲ ತಪ್ಪಿದರೂ ಪ್ರೋಟೀನು ಬಾಗಿಲ ಹೊರಗೆ ರಾಶಿ ಬೀಳುತ್ತದೆ.

ಶಿಕ್ಷಕ ಮಿತ್ರರು ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿ ನೋಡಬಹುದು. ಮೈಟೋಕಾಂಡ್ರಿಯಕ್ಕೆ ಹೋಗುವ ಹೆಚ್ಚಿನ ಪ್ರೋಟೀನುಗಳ ವಿಳಾಸಚೀಟಿಯನ್ನು ಒಳಗೆ ಹೋದ ಮೇಲೆ ಕತ್ತರಿಸಿ ಬಿಸಾಡಲಾಗುತ್ತದೆ. ಕೋಶಕೇಂದ್ರದ ಗುರುತನ್ನು ಹಾಗೆ ಕತ್ತರಿಸುವುದಿಲ್ಲ, ಯಾಕೆ? ನಮ್ಮ ಕೋಶಗಳು ವಿಭಜನೆಯಾಗುವಾಗ ಕೋಶಕೇಂದ್ರದ ಪೊರೆ ಕರಗುತ್ತದೆ, ಒಳಗಿನವರೆಲ್ಲ ಹೊರಗಾಗುತ್ತಾರೆ. ಹೊಸ ಪೊರೆ ಕಟ್ಟಿದ ಮೇಲೆ ಎಲ್ಲರೂ ಮತ್ತೆ ಗುರುತು ತೋರಿಸಿಯೇ ಒಳಗೆ ಬರಬೇಕು. ಉತ್ತರ ಹೇಳಿಬಿಡುವ ಮೊದಲು ಮಕ್ಕಳಿಗೆ ಒಂದು ದಿನ ಯೋಚಿಸಲು ಕೊಡಿ. ಹಿಂದಿನ ಬೆಂಚಿನವರಿಗೂ ಕೊಡಿ.