ಹಾಡು ಮತ್ತು ಯಂತ್ರ: ಒಂದು ಹಳೆಯ ಜಗಳ

ಸಂಗೀತ ಸೇವೆಗೆ ಚಂದಾ ಕಟ್ಟುವಾಗ ನಾವು ಬೆಲೆಯನ್ನು ನೋಡುತ್ತೇವೆ, ಹಾಡುಗಳ ಸಂಖ್ಯೆಯನ್ನು ನೋಡುತ್ತೇವೆ. ಮನೆಯ ಯಂತ್ರಗಳನ್ನು ನೋಡುವುದಿಲ್ಲ. ಇದು ರೋಗಿಯನ್ನು ನೋಡದೆ ಔಷಧ ಬರೆದಂತೆ.

ಈ ತೊಡಕು ಹೊಸದಲ್ಲ. 1912ರಲ್ಲಿ ಎಡಿಸನ್ ಹೊರತಂದ ಧ್ವನಿಮುದ್ರಿಕೆಯಲ್ಲಿ ಸೂಜಿ ಮೇಲಕ್ಕೂ ಕೆಳಕ್ಕೂ ಚಲಿಸುತ್ತಿತ್ತು. ವಿಕ್ಟರ್ ಕಂಪನಿಯದರಲ್ಲಿ ಅಕ್ಕಪಕ್ಕಕ್ಕೆ. ಒಬ್ಬರ ತಟ್ಟೆ ಮತ್ತೊಬ್ಬರ ಯಂತ್ರದಲ್ಲಿ ಸರಿಯಾಗಿ ನುಡಿಯುತ್ತಿರಲಿಲ್ಲ. 1929ರಲ್ಲಿ ಎಡಿಸನ್ ಕಂಪನಿ ಆ ಉದ್ಯಮವನ್ನೇ ಕೈಬಿಟ್ಟಿತು. 1948ರಲ್ಲಿ ಕೊಲಂಬಿಯಾ ನಿಮಿಷಕ್ಕೆ 33⅓ ಸುತ್ತಿನ ತಟ್ಟೆಯನ್ನು ತಂದರೆ, ಮರುವರ್ಷ ಆರ್‌ಸಿಎ ವಿಕ್ಟರ್ 45 ಸುತ್ತಿನದನ್ನು ತಂದಿತು. ಮನೆಗಳಲ್ಲಿದ್ದ 78 ಸುತ್ತಿನ ಯಂತ್ರ ಎರಡಕ್ಕೂ ಒದಗಲಿಲ್ಲ. ಮೂರೂ ವೇಗಗಳಲ್ಲಿ ತಿರುಗುವ ಯಂತ್ರಗಳು ಬಂದ ಮೇಲೆಯೇ ಕೇಳುಗರಿಗೆ ನೆಮ್ಮದಿ.

2003ರಲ್ಲಿ ಆರಂಭವಾದ ಐಟ್ಯೂನ್ಸ್ ಮಳಿಗೆಯ ಹಾಡುಗಳಿಗೂ ಬೀಗವಿತ್ತು. ಹಣ ಕೊಟ್ಟು ಕೊಂಡರೂ ಬೇರೆ ಕಂಪನಿಗಳ ಎಂಪಿ3 ಪ್ಲೇಯರ್‌ಗಳಲ್ಲಿ ಸಾಮಾನ್ಯವಾಗಿ ಅವು ನುಡಿಯುತ್ತಿರಲಿಲ್ಲ. ಆ ಬೀಗ ಕಳಚಿದ್ದು 2009ರಲ್ಲಿ.

ಇಂದಿನ ಚಂದಾ ಕೊಳ್ಳುವಿಕೆಯಲ್ಲ, ಬಾಡಿಗೆ. ಇಳಿಸಿಕೊಂಡ ಹಾಡು ಆ ಸೇವೆಯ ಆ್ಯಪ್‌ನೊಳಗೆ ಮಾತ್ರ ನುಡಿಯುತ್ತದೆ. ಚಂದಾ ನಿಂತರೆ ಅದೂ ನಿಲ್ಲುತ್ತದೆ. ಆದ್ದರಿಂದ ಮೊದಲು ಮನೆಯವರ ಫೋನು, ಸ್ಪೀಕರು, ಕಾರುಗಳ ಪಟ್ಟಿ ಮಾಡಿ, ಎಲ್ಲಕ್ಕೂ ಒಗ್ಗುವ ಸೇವೆಯನ್ನು ಆರಿಸುವುದು ಒಳಿತು. ಸ್ಪಾಟಿಫೈನ ಕುಟುಂಬ ಯೋಜನೆ 6 ಜನರಿಗಿದ್ದರೂ ಒಂದೇ ವಿಳಾಸದಲ್ಲಿ ವಾಸಿಸುವವರಿಗೆ ಮಾತ್ರ. ಊರಿನಲ್ಲಿರುವ ತಂದೆತಾಯಿಯರು ಅದರೊಳಗೆ ಬರುವುದಿಲ್ಲ.

ಮಕ್ಕಳಿಗೆ ದಾಟಿಸಲೇಬೇಕೆಂದು ನೀವು ಬಯಸುವ ಕನ್ನಡ ಹಾಡುಗಳನ್ನಂತೂ ಬಾಡಿಗೆಯ ಭರವಸೆಗೆ ಬಿಡಬೇಡಿ. ಬೀಗವಿಲ್ಲದ ಪ್ರತಿಯನ್ನು ಕೊಂಡಿಡಿ. ಅಟ್ಟದ ಮೇಲಿನ ಕ್ಯಾಸೆಟ್ಟುಗಳನ್ನೂ ಎಸೆಯದಿರಿ.