ಬಾಟಲಿ ಗಾಜನ್ನು ಗ್ಯಾಸ್ ಒಲೆ ಮೇಲೆ ಕರಗಿಸಿ ಮಣಿಸರ ಮಾಡಬಹುದೇ?

ಖಾಲಿ ಬಾಟಲಿ ಒಡೆದು, ಮಿಕ್ಸಿಯಲ್ಲಿ ಪುಡಿ ಮಾಡಿ, ಬಾಣಲೆಗೆ ಹಾಕಿ ಗ್ಯಾಸ್ ಹಚ್ಚಿದರೆ ಐದೇ ನಿಮಿಷದಲ್ಲಿ ಬಣ್ಣದ ಮಣಿ ತಯಾರು, ಮನೆಯಲ್ಲೇ ಕುಳಿತು ಸಂಪಾದಿಸಿ ಎನ್ನುವ ಬಗೆಯ ವಿಡಿಯೋಗಳು ಮಹಿಳಾ ಸಂಘಗಳ ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಸುತ್ತು ಹೊಡೆಯುತ್ತವೆ. ಬಸವನ ಬಾಗೇವಾಡಿ ಕಡೆಯ ಗೊಳಸಂಗಿಯಲ್ಲಿ ಒಬ್ಬ ತಾಯಿ ಇದನ್ನು ನಂಬಿ ಅಡುಗೆಮನೆಯಲ್ಲಿ ಮಾಡಲು ಹೊರಟರೆ ಏನಾದೀತು? ಮಣಿಯಂತೂ ಆಗುವುದಿಲ್ಲ. ಕಣ್ಣಿಗೆ, ಕೈಗೆ ಪೆಟ್ಟಾಗುವ ಸಾಧ್ಯತೆ ಮಾತ್ರ ಚೆನ್ನಾಗಿದೆ.

ಹಾಗೆಂದು ಇಡೀ ಮಾತೇ ಸುಳ್ಳಲ್ಲ. ಬಾಟಲಿ ಗಾಜಿನಿಂದ ಮಣಿ ಮಾಡುವುದು ನಿಜ. ಸುಳ್ಳಿರುವುದು ಒಲೆಯಲ್ಲಿ.

ಒಲೆಯಲ್ಲಿ ಯಾಕೆ ಆಗದು?

ಮಂಜುಗಡ್ಡೆಯ ಹಾಗೆ ಗಾಜು ಒಂದು ನಿಗದಿತ ಶಾಖದಲ್ಲಿ ತಟ್ಟನೆ ಕರಗುವುದಿಲ್ಲ, ಬೆಲ್ಲದ ಪಾಕದ ಹಾಗೆ ಮೆತ್ತಗಾಗುತ್ತಾ ಹೋಗುತ್ತದೆ. ಸಾಮಾನ್ಯ ಬಾಟಲಿ ಗಾಜು ಮೆತ್ತಗಾಗಲು ಸುಮಾರು 700 ಡಿಗ್ರಿ ಸೆಲ್ಸಿಯಸ್ ಬೇಕು. ಜೇನಿನಂತೆ ಹರಿಯಲು 1000 ಡಿಗ್ರಿ ದಾಟಬೇಕು. ಗ್ಯಾಸಿನ ಜ್ವಾಲೆ ಅದಕ್ಕಿಂತ ಬಿಸಿ ಇರುತ್ತದಲ್ಲ ಎಂದು ಕೇಳಬಹುದು. ಜ್ವಾಲೆ ಬಿಸಿಯೇ. ಆದರೆ ತೆರೆದ ಒಲೆಯಲ್ಲಿ ಆ ಶಾಖದ ಬಹುಪಾಲು ಗಾಳಿಗೆ ಹೋಗುತ್ತದೆ, ಪಾತ್ರೆಯೊಳಗಿನ ವಸ್ತು ಅಷ್ಟು ಕಾಯುವುದೇ ಇಲ್ಲ. ಇನ್ನೊಂದು ತಮಾಷೆ ನೋಡಿ: ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಗಾಜು ಕರಗುವಷ್ಟು ಕಾಯಿಸಿದ್ದೇ ಆದರೆ ಮೊದಲು ಹರಿಯುವುದು ನಿಮ್ಮ ಬಾಣಲೆ!

ಗಾಜು ಕರಗುವ ಮೊದಲು ಸಿಡಿಯುತ್ತದೆ. ಕುದಿಯುವ ಚಹಾ ಸುರಿದಾಗ ಗಾಜಿನ ಲೋಟ ಚಟ್ ಎಂದು ಬಿರುಕು ಬಿಡುವುದನ್ನು ಎಲ್ಲರೂ ಕಂಡಿದ್ದೇವೆ. ಒಂದು ಬದಿ ಬಿಸಿಯಾಗಿ ಹಿಗ್ಗುತ್ತದೆ, ಇನ್ನೊಂದು ಬದಿ ತಣ್ಣಗೇ ಇರುತ್ತದೆ, ನಡುವಿನ ಎಳೆದಾಟಕ್ಕೆ ಗಾಜು ಒಡೆಯುತ್ತದೆ. ಒಲೆ ಮೇಲಿಟ್ಟ ದಪ್ಪ ಬಾಟಲಿ ಚೂರಿಗೂ ಇದೇ ಗತಿ. ಅದರ ಸಿಡಿತ ಬರುವುದು ನೇರ ಮುಖಕ್ಕೆ.

ಹಾಗಾದರೆ ನಿಜವಾಗಿ ಮಾಡುವವರು ಹೇಗೆ ಮಾಡುತ್ತಾರೆ?

ಘಾನಾ ದೇಶದ ಕ್ರೋಬೊ ಜನ ಇದಕ್ಕೆ ಹೆಸರಾದವರು. ಬಾಟಲಿಗಳನ್ನು ಕುಟ್ಟಿ, ನುಣ್ಣಗೆ ಜರಡಿ ಹಿಡಿದು, ಗುಳಿಗಳಿರುವ ಮಣ್ಣಿನ ಅಚ್ಚಿಗೆ ಆ ಪುಡಿ ತುಂಬುತ್ತಾರೆ. ಗಾಜು ಅಂಟದಿರಲೆಂದು ಅಚ್ಚಿಗೆ ಮೊದಲೇ ಬಿಳಿ ಜೇಡಿಮಣ್ಣು ಬಳಿದಿರುತ್ತಾರೆ. ಪ್ರತಿ ಗುಳಿಯ ನಡುವೆ ಮರಗೆಣಸಿನ ಎಲೆಯ ತೊಟ್ಟು ನಿಲ್ಲಿಸುತ್ತಾರೆ. ಕುಲುಮೆಯಲ್ಲಿ ತೊಟ್ಟು ಸುಟ್ಟು ಬೂದಿಯಾಗುತ್ತದೆ, ದಾರ ಪೋಣಿಸಲು ತೂತು ಉಳಿಯುತ್ತದೆ. ಬೆಳಕು ಹಾಯುವ ಮಣಿ ಬೇಕಾದರೆ ಪುಡಿಯ ಬದಲು ಚೂರುಗಳನ್ನೇ ಹಾಕಿ, ಕೆಂಪಗೆ ಕಾದಿರುವಾಗ ಕಬ್ಬಿಣದ ಮೊನೆಯಿಂದ ತೂತು ಹೊಡೆದು ಉರುಟು ಮಾಡುತ್ತಾರೆ. ಆಮೇಲೆ ಕಲ್ಲಿನ ಮೇಲೆ ಮರಳು, ನೀರು ಹಾಕಿ ಉಜ್ಜಿ ನಯ ಮಾಡುತ್ತಾರೆ. ನೈಜೀರಿಯಾದ ಬಿಡಾ ಪಟ್ಟಣದವರ ದಾರಿ ಬೇರೆ. ಅವರು ಬಾಟಲಿ ಕರಗಿಸಿ ಕಬ್ಬಿಣದ ಸರಳಿಗೆ ಸುತ್ತುತ್ತಾರೆ.

ನಮ್ಮವರಿಗೂ ಗಾಜಿನ ಮಣಿ ಹೊಸದಲ್ಲ. ತಾಳಿಯ ಕರಿಮಣಿ ಗಾಜಿನದೇ ಅಲ್ಲವೇ? ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ನಡೆದ ಉತ್ಖನನದಲ್ಲಿ ಗಾಜಿನ ಮಣಿಗಳೂ ಸಿಕ್ಕಿವೆ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದ ಹತ್ತಿರದ ಮತ್ತೋಡು ಗಾಜಿನ ಬಳೆಗೆ ಹೆಸರಾಗಿತ್ತು. 1800-01ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಬಳೆ ಕುಲುಮೆಯ ಬಗ್ಗೆ ಬರೆದಿದ್ದಾನೆ. ಸವಳು ಮಣ್ಣಿನ ಸೋಡಾ ಮತ್ತು ಬೆಣಚುಕಲ್ಲಿನ ಪುಡಿ ಅವರ ಮುಖ್ಯ ಸಾಮಗ್ರಿ. ಬೆಣಚುಕಲ್ಲೊಂದನ್ನೇ ಕರಗಿಸಲು 1700 ಡಿಗ್ರಿ ಬೇಕು, ಸೋಡಾ ಬೆರೆತರೆ ಅದು ಬಹಳ ಕೆಳಗಿಳಿಯುತ್ತದೆ. ಬಾಟಲಿಯಲ್ಲಿ ಸೋಡಾ ಮೊದಲೇ ಸೇರಿರುವುದರಿಂದ ಹಳೆ ಗಾಜನ್ನು ಮತ್ತೆ ಕರಗಿಸುವುದು ಹೊಸ ಗಾಜು ಮಾಡುವುದಕ್ಕಿಂತ ಸಲೀಸು. ಕಾರ್ಖಾನೆಗಳಲ್ಲಿ ಪ್ರತಿ ಶೇ. 10ರಷ್ಟು ಹಳೆ ಗಾಜು ಬೆರೆಸಿದರೆ ಇಂಧನ ಸುಮಾರು ಶೇ. 2.5ರಿಂದ 3ರಷ್ಟು ಉಳಿಯುತ್ತದೆ.

ವಿಡಿಯೋ ಹೇಳದ ಎರಡು ಗುಟ್ಟು

ಮೊದಲನೆಯದು, ತಣಿಸುವುದು. ಕಾದ ಮಣಿಯನ್ನು ನೀರಿಗೆ ಹಾಕಿದರೆ ಪುಡಿ. ಹೊರಗೆ ಗಾಳಿಗಿಟ್ಟರೂ ಒಳಗೆ ಬಿಗಿತ ಉಳಿದು ಮುಂದೊಂದು ದಿನ ಕೊರಳಲ್ಲಿರುವಾಗಲೇ ಒಡೆಯಬಹುದು. ಸುಮಾರು 550 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಅಲ್ಲಿಂದ ನಿಧಾನಕ್ಕೆ ಇಳಿಸಬೇಕು. ಶಾಖ ಅಳೆಯುವ ಕುಲುಮೆ ಬೇಕಾಗುವುದು ಇದಕ್ಕೇ.

ಎರಡನೆಯದು, ಬೆರಕೆ. ಬೇರೆ ಬೇರೆ ಬಾಟಲಿಗಳ ಗಾಜು ಹಿಗ್ಗುವ, ಕುಗ್ಗುವ ಪ್ರಮಾಣ ಒಂದೇ ಇರುವುದಿಲ್ಲ. ಹಸಿರು, ಕಂದು ಎರಡನ್ನೂ ಒಂದೇ ಮಣಿಯಲ್ಲಿ ಸೇರಿಸಿದರೆ ತಣಿಯುವಾಗ ಸೀಳುತ್ತದೆ. ಒಂದು ಮಣಿಗೆ ಒಂದೇ ಬಾಟಲಿಯ ಗಾಜು ಎನ್ನುವುದು ಒಳ್ಳೆಯ ಲೆಕ್ಕ. ಗ್ರಾಮಿಗೊಂದರಂತೆ ಹಿಡಿದರೆ 300 ಗ್ರಾಂ ಬಾಟಲಿಯಿಂದ, ವ್ಯರ್ಥವಾದದ್ದು ಕಳೆದರೂ, ಇನ್ನೂರಕ್ಕೂ ಹೆಚ್ಚು ಮಣಿ ಬಂದಾವು. ಅಂದರೆ ಖರ್ಚಿರುವುದು ಗಾಜಿಗಲ್ಲ, ಶಾಖಕ್ಕೆ ಮತ್ತು ಕೈಕೆಲಸಕ್ಕೆ.

ಬಾಟಲಿ ಮಣಿ ವಿಷವೇ?

ಇದಕ್ಕೆ ಎದುರಾಗಿ ಇನ್ನೊಂದು ಫಾರ್ವರ್ಡ್ ಇದೆ, ಬಾಟಲಿ ಗಾಜಿನಲ್ಲಿ ಸೀಸ ಇರುತ್ತದೆ, ಮೈಗೆ ತಾಗಿದರೆ ವಿಷ ಎಂದು. ಇದನ್ನು ಹಂಚಬೇಡಿ. ಪಾನೀಯದ ಬಾಟಲಿ ಮರಳು, ಸೋಡಾ, ಸುಣ್ಣದ ಗಾಜು. ಬೇಕೆಂದೇ ಸೀಸ ಬೆರೆಸುವುದು ಕ್ರಿಸ್ಟಲ್ ಎಂದು ಮಾರುವ ಹೊಳಪಿನ ಗಾಜಿಗೆ. ಬಾಟಲಿಯ ಹಸಿರು ಬಣ್ಣ ಕಬ್ಬಿಣ, ಕ್ರೋಮಿಯಂಗಳದು, ಅದು ಗಾಜಿನೊಳಗೆ ಬೆರೆತಿರುವುದರಿಂದ ಬೆವರಿಗೆ ಬಿಡುವುದಿಲ್ಲ. ಮಗುವಿನ ಕೈಗೆ ಸಿಕ್ಕ ಮಣಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವೇ ಇದಕ್ಕಿಂತ ದೊಡ್ಡದು.

ಆದರೆ ಎಲ್ಲ ಗಾಜೂ ಒಂದಲ್ಲ. ಟ್ಯೂಬ್‌ಲೈಟ್, ಸಿಎಫ್‌ಎಲ್ ಒಡೆದರೆ ಪಾದರಸ ಹೊರಬರುತ್ತದೆ. ಹಳೆಯ ಡಬ್ಬಾ ಟಿವಿಯ ಗಾಜಿನಲ್ಲಿ ಸೀಸ ಇದೆ. ನಮ್ಮ ಕಡೆ ಹತ್ತಿ, ತೊಗರಿಗೆ ಹೊಡೆಯುವ ಎಣ್ಣೆಯ ಬಾಟಲಿಗಳನ್ನಂತೂ ಎಷ್ಟೇ ತೊಳೆದರೂ ಮುಟ್ಟಲೇಬಾರದು.

ಪುಡಿ ಮಾಡುವುದನ್ನು ಮಿಕ್ಸಿಯಲ್ಲಿ ಮಾಡಬೇಡಿ, ಅದೇ ಜಾರಿನಲ್ಲಿ ನಾಳೆ ಚಟ್ನಿ ರುಬ್ಬುತ್ತೀರಿ. ಗಾಜಿನ ದೂಳು ಕಲ್ಲು ಕಡಿಯುವವರಿಗೆ ಸಿಲಿಕೋಸಿಸ್ ತರುವ ಬೆಣಚುಕಲ್ಲಿನ ದೂಳಿನಂಥದ್ದಲ್ಲ, ಆದರೂ ಕಣ್ಣು, ಗಂಟಲು ಕೆರಳಿಸುತ್ತದೆ. ಒದ್ದೆ ಮಾಡಿ ಕುಟ್ಟಬೇಕು, ಕನ್ನಡಕ ಮತ್ತು ಎನ್95 ಮಾಸ್ಕ್ ಹಾಕಿರಬೇಕು. ಸೆರಗು ಕಟ್ಟಿಕೊಂಡರೆ ಸಾಲದು.

ಕುಲುಮೆ ಇಲ್ಲದವರಿಗೂ ಒಂದು ದಾರಿ ಇದೆ. ಚೂರಿನ ಅಂಚುಗಳನ್ನು ನೀರು ಹಾಕುತ್ತಾ ಸಾಣೆ ಹಿಡಿದು ಮೊಂಡು ಮಾಡಿ, ತಂತಿ ಸುತ್ತಿ ಪದಕ ಮಾಡಿಕೊಳ್ಳಬಹುದು. ಬೆಂಕಿಯ ಗೊಡವೆಯೇ ಇಲ್ಲ. ಸಂಘದಿಂದ ದುಡ್ಡು ಹಾಕಿ ಕುಲುಮೆ ತರುವ ಯೋಚನೆಯಿದ್ದರೆ, ಕಿಟ್ ಮಾರುವವರ ಮಾತು ಕೇಳಿ ಹಣ ಕಳಿಸುವ ಮುನ್ನ ಮಣಿ ಕೊಳ್ಳುವವರು ಯಾರೆಂದು ಹುಡುಕಿಕೊಳ್ಳಿ. ಉತ್ತರ ಪ್ರದೇಶದ ಪುರ್ದಿಲ್‌ನಗರದಂಥ ಊರುಗಳಿಂದ ಬರುವ ಅಗ್ಗದ ಮಣಿಯ ಜೊತೆ ನಿಮ್ಮದು ಪೈಪೋಟಿ ಮಾಡಬೇಕಾಗುತ್ತದೆ.

ಕೆಲಸದ ನಡುವೆ ಕೈ ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯಿರಿ, ಪೇಸ್ಟ್ ಅಥವಾ ಶಾಯಿ ಹಚ್ಚಬೇಡಿ. ಕಣ್ಣಿಗೆ ಚೂರು ಹೊಕ್ಕರೆ ಉಜ್ಜಬೇಡಿ, ಕೀಳಲೂ ಹೋಗಬೇಡಿ. ಒತ್ತದೆ ಮೇಲೊಂದು ಬಟ್ಟಲು ಮುಚ್ಚಿಕೊಂಡು ನೇರ ಆಸ್ಪತ್ರೆಗೆ ಹೋಗಿ.